ಹುಲಿ ಸಿಗ್ಲಿಲ್ಲ, ಆದ್ರೂ ಓದು

ಮಗಾ,

ಫೋನಲ್ಲೇ ಹೇಳ್ಬೋದಿತ್ತು, ಆದ್ರೆ ನೀನು ಅರ್ಧಕ್ಕೇ "ಹುಲಿ ಸಿಕ್ತಾ?" ಅಂತ ಕೇಳಿ ಮಜಾ ಎಲ್ಲ ಕೆಡಿಸ್ತೀಯ, ಅದಕ್ಕೇ ಬರೀತಿದೀನಿ. ಸಿಗ್ಲಿಲ್ಲ. ಈಗ ಮುಂದಕ್ಕೆ ಓದು.

ಬೆಳಿಗ್ಗೆ 6 ಗಂಟೆಗೆ ಕಾಡಿಗೆ ಹೊರಟ್ವಿ, ನಾವು ಐದು ಜನ, ಜೊತೆಗೆ ಗೈಡ್. ನಾನು ಹೊಸ ಕೇಸರಿ ಜಾಕೆಟ್ ಏರಿಸ್ಕೊಂಡು ಹೋದ್ರೆ ಆ ಮನುಷ್ಯ ಮೇಲಿಂದ ಕೆಳಗೆ ಒಂದ್ಸಲ ನೋಡಿ "ಅದನ್ನ ಬ್ಯಾಗಿಗೆ ಹಾಕಿ ಸಾರ್" ಅಂದ್ರು. ಜಿಂಕೆಗೆ ಕೇಸರಿ, ಹಸಿರು ಅಷ್ಟಾಗಿ ವ್ಯತ್ಯಾಸ ಗೊತ್ತಾಗಲ್ವಂತೆ, ಆದ್ರೆ ಮುಸುವಕ್ಕೆ (ಕಪ್ಪು ಮುಖದ ಕೋತಿ), ಹಕ್ಕಿಗೆ ಚೆನ್ನಾಗೇ ಕಾಣುತ್ತೆ, ಅವು ಕೂಗಿದ್ರೆ ಮುಗೀತು, ಇಡೀ ಕಾಡಿಗೇ ಡಂಗುರ.

ಮೊದಲ ಒಂದೂವರೆ ಗಂಟೆ ಏನೂ ಇಲ್ಲ. ನಮ್ಮ ಗುಂಪಲ್ಲೇ ಒಬ್ಬ ಚಿಪ್ಸ್ ಪ್ಯಾಕೆಟ್ ಪರಪರ ಅನ್ನಿಸ್ತಾ ಬರ್ತಿದ್ದ (ಹೆಸರು ಬೇಡ, ನಿಂಗೆ ಗೊತ್ತು ಯಾರು ಅಂತ). ಆಮೇಲೆ ಗೈಡ್ ಒಂದು ಬಿದ್ದ ಮರದ ಮೇಲೆ ಎಲ್ಲರನ್ನೂ ಕೂರಿಸಿ, ಮಾತಾಡ್ಬೇಡಿ ಅಂತ ಸನ್ನೆ ಮಾಡಿದ್ರು ನೋಡು, ಅಲ್ಲಿಂದ ಶುರುವಾಯ್ತು.

ಎದುರಿಗೆ ಮರದ ಮೇಲೆ ಮುಸುವಗಳು, ಕೆಳಗೆ ಜಿಂಕೆ ಹಿಂಡು. ಮುಸುವ ಅರ್ಧ ತಿಂದು ಬಿಸಾಕೋ ಎಲೆ ಕಾಯೆಲ್ಲ ಜಿಂಕೆಗೆ. ಅದಕ್ಕಿಂತ ದೊಡ್ಡ ವ್ಯವಹಾರ ಏನಪ್ಪಾ ಅಂದ್ರೆ ಮೇಲಿನವ್ರಿಗೆ ಕಣ್ಣು ದೂರ ಹೋಗುತ್ತೆ, ಕೆಳಗಿನವ್ರಿಗೆ ಮೂಗು ಚುರುಕು, ಯಾರಿಗೆ ಮೊದಲು ಅಪಾಯ ಗೊತ್ತಾದ್ರೂ ಇನ್ನೊಬ್ರಿಗೆ ಸುದ್ದಿ. ಇದ್ದಕ್ಕಿದ್ದಂಗೆ ಮೇಲಿಂದ ಒಂದು ಮುಸುವ ಖಕ್ ಖಕ್ ಅಂತ ಕೆಮ್ಮಿದಂಗೆ ಕೂಗ್ತು. ಅಷ್ಟೇ! ಅಷ್ಟೂ ಜಿಂಕೆಗಳ ತಲೆ ಒಂದೇ ದಿಕ್ಕಿಗೆ, ಬಾಲ ಮೇಲೆ, ನಮಗೆ ಹತ್ರ ಇದ್ದ ಹೆಣ್ಣು ಜಿಂಕೆ ಬಾಯಲ್ಲಿ ಎಲೆ ಹಂಗೇ ನೇತಾಡ್ತಿದೆ, ಅಗಿಯೋದೇ ಮರ್ತುಹೋಗಿದೆ, ಮುಂಗಾಲು ಒಂದು ಮೇಲೆತ್ತಿ ಟಪ್ ಅಂತ ನೆಲಕ್ಕೆ ಬಡೀತು. ದೂರದಲ್ಲಿ ಒಂದು ಕಡವೆ ಢಾಂಕ್ ಅಂತು. ಜಿಂಕೆ ಸುಮ್ಸುಮ್ನೆ ಹೆದರೋದುಂಟು, ಕಡವೆ ಕೂಗಿದ್ರೆ ಮಾತ್ರ ನಂಬಬೇಕು ಅಂತ ಗೈಡ್ ಆಮೇಲೆ ಹೇಳಿದ್ರು. ಹತ್ತು ನಿಮಿಷ ಆದ್ಮೇಲೆ ಆ ಜಿಂಕೆ ಎಲೆ ಅಗಿಯೋಕೆ ಶುರು ಮಾಡ್ತು. ಚಿರತೆನೋ ಹುಲಿನೋ, ಯಾರೋ ದಾಟಿ ಹೋದ್ರು, ನಾವು ನೋಡಿದ್ದು ಅವರ ಸುದ್ದಿ ಮಾತ್ರ.

ವಾಪಸ್ ಬರೋವಾಗ ಇನ್ನೊಂದಾಯ್ತು. ಎಲ್ರೂ ಬೈನಾಕ್ಯುಲರಲ್ಲಿ ಮರದ ತುದಿಲಿ ಕೆಂದಳಿಲು ಹುಡುಕ್ತಾ ಇದ್ವಿ, ಗೈಡ್ ನನ್ನ ತೋಳು ಗಟ್ಟಿಯಾಗಿ ಹಿಡ್ಕೊಂಡ್ರು. ಬಿದಿರುಮೆಳೆ ಪಕ್ಕ ಬಂಡೆ ಅನ್ಕೊಂಡಿದ್ದೆ ಕಣೋ, ಬಂಡೆಗೆ ಬಿಳಿ ಸಾಕ್ಸ್ ಹಾಕಿದಂಗೆ ನಾಲ್ಕು ಕಾಲು! ಒಂಟಿ ಕಾಟಿ (ಕಾಡುಕೋಣ), ಇಪ್ಪತ್ತು ಹೆಜ್ಜೆ ದೂರ ಇದ್ರೆ ಹೆಚ್ಚು. ಟನ್ ಹತ್ರ ತೂಗೋ ಪ್ರಾಣಿ ನಮ್ಮ ಐದೂ ಜನರ ಕಣ್ಣಿಗೆ ಬಿದ್ದಿಲ್ಲ ಅಂದ್ರೆ ನಮ್ಮ ಯೋಗ್ಯತೆ ನೋಡು. ಅದು ಅಡ್ಡ ತಿರುಗಿ ಪೂರ್ತಿ ಮೈ ತೋರಿಸಿ ನಿಂತ್ಕೊಳ್ತು. ನಾನು ಪೋಸ್ ಕೊಡ್ತಿದೆ ಅನ್ಕೊಂಡು ಫೋನ್ ತೆಗೀತಿದ್ದೆ, "ನಾನೆಷ್ಟು ದೊಡ್ಡೋನು ನೋಡ್ಕೋ ಅಂತಿದೆ ಸಾರ್, ನಿಧಾನಕ್ಕೆ ಹಿಂದೆ ಬನ್ನಿ" ಅಂದ್ರು ಪಿಸುಮಾತಲ್ಲಿ. ಬೆನ್ನು ತೋರಿಸ್ದೆ ಒಂದೊಂದೇ ಹೆಜ್ಜೆ ಹಿಂದೆ ಸರಿದ್ವಿ. ಅದು ಒಂದ್ಸಲ ಬುಸ್ ಅಂತ ಉಸಿರು ಬಿಟ್ಟು ಬಿದಿರು ಮುರೀತಾ ಒಳಗೆ ಹೋಯ್ತು. ಫೋಟೋ ಇಲ್ಲ, ಕೇಳ್ಬೇಡ.

ಮುಂದಿನ ಸಲ ನೀನೂ ಬಾ. ಇಪ್ಪತ್ತು ಪವರ್ ಬೈನಾಕ್ಯುಲರ್ ತಗೋಬೇಡ, ಕೈ ನಡುಗಿ ಏನೂ ಕಾಣಲ್ಲ, 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸೋದು, ಮುಂದಿನ ಗಾಜು 42 ಮಿ.ಮೀ. ಅಗಲ) ಸಾಕು. ಜಿಗಣೆಗೆ ಉದ್ದ ಸಾಕ್ಸ್ ಇರ್ಲಿ. ನಿನ್ನ ಆ ಡಿಯೋಡರೆಂಟ್ ಮಾತ್ರ ದಯವಿಟ್ಟು ಮನೇಲೇ ಬಿಟ್ಟು ಬಾ.