ಮೀಟಿಂಗ್‌ಗೆ ಬಾರದವರನ್ನು ಕೇಳಿ

ವಾಟರ್ಲೂ, ಕೆನಡಾ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಆರಾಮ. ಚಳಿ ಶುರುವಾಗಿದೆ, ಅಷ್ಟೆ.

ಮದುವೆ ಮನೆಯಲ್ಲಿ ಮಾವ ನನ್ನ ಕೆಲಸ ಏನು ಅಂತ ಕೇಳಿದಾಗ ನೀವು "ಏನೋ ಪಾರ್ಕಿನದ್ದು" ಅಂದಿರಂತೆ. ಅವರೀಗ ತೋಟಗಾರಿಕೆ ಇಲಾಖೆ ಅಂದುಕೊಂಡಿದ್ದಾರೆ! ಗಿಡ ನೆಡುವವರು ಬೇರೆ ಇದ್ದಾರೆ. ಊರಿನವರಿಗೆ ಆಡಲು, ಈಜಲು, ಸುಮ್ನೆ ಕೂತು ಹರಟಲು ಎಲ್ಲಿ ಏನು ಬೇಕು, ಜಾಗ ಎಲ್ಲಿದೆ, ಕಟ್ಟಿದ ಮೇಲೆ ನಡೆಸುವ ಖರ್ಚು ಎಷ್ಟು ಅಂತ ಯೋಜನೆ ಮಾಡುವುದು ನನ್ನ ಕೆಲಸ. ನಾನು ಓದಿದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ 1968ರಿಂದಲೂ ಇದಕ್ಕೆಂದೇ ಒಂದು ವಿಭಾಗ ಇದೆ. ಇದನ್ನು ಮಾವನಿಗೆ ಖಂಡಿತ ಹೇಳಿ.

ಜಾಗಕ್ಕೆ ಇಲ್ಲಿ ಕಾನೂನಿನ ಬಲ ಇದೆ. ನಾನಿರುವ ಒಂಟಾರಿಯೋ ಪ್ರಾಂತ್ಯದಲ್ಲಿ ಹೊಸ ಬಡಾವಣೆ ಮಾಡುವವರಿಂದ ನಗರಸಭೆ ಶೇ 5ರಷ್ಟು ಜಾಗವನ್ನು ಪಾರ್ಕಿಗೆ ಕೇಳಬಹುದು. ಅಂಗಡಿ, ಕಾರ್ಖಾನೆಯಾದರೆ ಶೇ 2. ಜಾಗದ ಬದಲು ದುಡ್ಡೂ ತೆಗೆದುಕೊಳ್ಳಬಹುದು. ಆದರೆ ಬಿಲ್ಡರ್‌ಗಳು ತೋರಿಸುವುದು ಯಾರಿಗೂ ಬೇಡದ ಮೂಲೆಯನ್ನೇ. ಆ ಬುದ್ಧಿಗೆ ದೇಶಭೇದ ಇಲ್ಲ.

ಈಗಿನ ತಲೆನೋವು ಪಿಕಲ್‌ಬಾಲ್ ಅನ್ನುವ ಆಟ. ಸಣ್ಣ ಕೋರ್ಟು, ಗಟ್ಟಿ ಬ್ಯಾಟು, ತೂತಿರುವ ಪ್ಲಾಸ್ಟಿಕ್ ಚೆಂಡು. ವಯಸ್ಸಾದವರಿಗೆ ಬಹಳ ಇಷ್ಟ. ಬೆಳಿಗ್ಗೆಯಿಂದಲೇ ಟಕ್ ಟಕ್ ಟಕ್. ಪಕ್ಕದ ಮನೆಯವರಿಗೆ ನಿದ್ದೆ ಇಲ್ಲ, ಟೆನಿಸ್‌ನವರಿಗೆ ಕೋರ್ಟ್ ಹೋಯಿತೆಂದು ಸಿಟ್ಟು. ಮೀಟಿಂಗ್ ಕರೆದರೆ ಮೂರೂ ಗುಂಪಿನವರು ಮುಂದಿನ ಸಾಲಲ್ಲೇ ಕೂರುತ್ತಾರೆ. ಎರಡೆರಡು ಕಡೆ ದುಡಿಯುವವರು, ಬೇರೆ ದೇಶದಿಂದ ಈಗಷ್ಟೇ ಬಂದ ಹೆಂಗಸರು ಬರುವುದೇ ಇಲ್ಲ. ಅವರನ್ನು ನಾವೇ ಹುಡುಕಿಕೊಂಡು ಹೋಗಬೇಕು. ದಿನಸಿ ಅಂಗಡಿ ಬಾಗಿಲಲ್ಲಿ ಮೇಜು ಹಾಕಿ, ನಕ್ಷೆ ಬಿಡಿಸಿ ಕೂರುತ್ತೇವೆ. ಮೊನ್ನೆ ತಲೆಗೆ ಬಟ್ಟೆ ಸುತ್ತಿದ್ದ ಒಬ್ಬ ಅಜ್ಜಿ ಈಜುಕೊಳದ ಮೇಲೆ ಬೆರಳಿಟ್ಟು, "ಹೆಂಗಸರಿಗೆ ಮಾತ್ರ ಅಂತ ಒಂದು ಹೊತ್ತು ಇಡಿ, ರಸ್ತೆ ಕಡೆಯ ಗಾಜಿಗೆ ಪರದೆ ಹಾಕಿ, ನಾನೂ ಬರ್ತೇನೆ" ಅಂದರು. ಹೊಸ ಕಟ್ಟಡ ಬೇಡ, ಪರದೆ ಸಾಕು!

ನಮ್ಮ ಉಡುಪಿಯಲ್ಲಿ ಮನರಂಜನೆಗೇನೂ ಬರ ಇಲ್ಲ. ಕೊಯ್ಲಾದ ಗದ್ದೆಯಲ್ಲಿ ಬಯಲಾಟ, ಮಳೆಗಾಲದಲ್ಲಿ ಕೆಸರುಗದ್ದೆ ಓಟ, ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿಗೆ ಹುಲಿವೇಷ, ರಾತ್ರಿ ಲೈಟ್ ಹಾಕಿ ವಾಲಿಬಾಲ್. ಎಲ್ಲ ಹುಡುಗರೇ ಚಂದಾ ಎತ್ತಿ ಮಾಡುತ್ತಾರೆ. ಇಲ್ಲಿ ಹೇಳಿದರೆ "ಇನ್ಶೂರೆನ್ಸ್ ಯಾರದ್ದು?" ಅಂತ ಕೇಳುತ್ತಾರೆ. ಆದರೆ ಅಮ್ಮ, ನೀನು ಮಲ್ಪೆ ಬೀಚಿಗೆ ಹೋಗುವುದು ನೆಂಟರು ಬಂದಾಗ ಮಾತ್ರ ಅಲ್ವಾ? ಅಜ್ಜರಕಾಡು ಪಾರ್ಕಿಗೆ ಕರೆದರೆ ಅಡುಗೆ ಹೊತ್ತು ಅನ್ನುತ್ತೀ.

ಅಪ್ಪ, ಯುವಕ ಮಂಡಲದ ಮೈದಾನದಲ್ಲಿ ಓಪನ್ ಜಿಮ್ ಹಾಕಿಸುವ ಯೋಚನೆ ಅಂದಿರಲ್ಲ. ಬೇಡ ಅನ್ನುವುದಿಲ್ಲ. ನಮ್ಮ ಉಪ್ಪುಗಾಳಿಗೆ, ಮಳೆಗೆ ಕಬ್ಬಿಣ ಎಷ್ಟು ದಿನ ಬಾಳುತ್ತದೆ ಅಂತ ನಿಮಗೇ ಗೊತ್ತು. ಪೇಂಟ್, ರಿಪೇರಿ ದುಡ್ಡು ಈಗಲೇ ತೆಗೆದಿಡಿ. ಅದಕ್ಕೂ ಮೊದಲು ನಿಮ್ಮ ಮೀಟಿಂಗ್‌ಗೆ ಬಾರದವರನ್ನು ಕೇಳಿಸಿ. ಚಿಕ್ಕಮ್ಮ ಮಹಿಳಾ ಮಂಡಲದ ಕೆಲಸಕ್ಕೆ ಹೇಗೂ ಮನೆಮನೆಗೆ ಹೋಗುತ್ತಾರೆ, ಅವರ ಕೈಗೆ ಒಂದು ನೋಟ್‌ಬುಕ್ ಕೊಡಿ. ಶೌಚಾಲಯ, ಬೆಳಕು, ಕೂರಲು ಒಂದು ಕಟ್ಟೆ, ಇಷ್ಟೇ ಕೇಳುತ್ತಾರೆ ಅಂತ ನನ್ನ ಊಹೆ. ಬರೆದದ್ದರ ಫೋಟೋ ತೆಗೆದು ಕಳಿಸಿ, ನೋಡುತ್ತೇನೆ.

ಅಮ್ಮ, ಅದರಲ್ಲಿ ನಿನ್ನದೂ ಇರಬೇಕು. "ನನಗೆಂಥ ಬೇಕು" ಅಂತ ಬರೆಸಬೇಡ.

ನಿಮ್ಮ ಮಗಳು