ಒಂದು ಸಾಲಿನ ಬಗ್ಗೆ ದೊಡ್ಡಪ್ಪನ ಪತ್ರ

ಹೊಳಲ್ಕೆರೆ

ಚಿ. ಸೌಮ್ಯಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಪತ್ರದಲ್ಲಿ ‘ಬರ್ನ್ ಔಟ್ ಆಗಿದೀನಿ ದೊಡ್ಡಪ್ಪ’ ಅಂತ ಒಂದು ಸಾಲಿದೆ. ಮುಂದಿನ ಸಾಲಲ್ಲೇ ಮಳೆ ಬಂತಾ ಅಂತ ಕೇಳಿದ್ದೀಯ. ನನಗೆ ಮಾತ್ರ ಮುಂದಕ್ಕೆ ಓದಲು ಆಗಲಿಲ್ಲ.

ಇಂಗ್ಲಿಷ್ ಮೇಷ್ಟ್ರಾಗಿದ್ದವನು ನಾನು. ಮನೆ ಉರಿದು ನೆಲಸಮವಾದರೆ ‘ಬರ್ನ್ ಡೌನ್’. ನೀರು ಹೊಯ್ದು ಆರಿಸಿದರೆ ‘ಪುಟ್ ಔಟ್’. ಉರಿಯಲು ಏನೂ ಉಳಿಯದೆ ತಾನಾಗಿ ಆರಿದರೆ ‘ಬರ್ನ್ ಔಟ್’. ಆ ‘ಏನೂ ಉಳಿಯದೆ’ ಅನ್ನುವುದೇ ನನ್ನ ನಿದ್ದೆ ಕೆಡಿಸಿತು.

ನೀವು ಹೇಳುವ ಅರ್ಥವೂ ಗೊತ್ತು. ನ್ಯೂಯಾರ್ಕ್‌ನ ಉಚಿತ ಚಿಕಿತ್ಸಾಲಯದಲ್ಲಿ ದುಡಿದು ಬಸವಳಿದವರನ್ನು ಕಂಡು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ 1974ರಲ್ಲಿ ಈ ಪದ ಹಾಕಿ ಬರೆದ. ಅವನೂ ಅವರಲ್ಲಿ ಒಬ್ಬ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದು ಕಾಯಿಲೆ ಅಲ್ಲ, ಕೆಲಸದಿಂದ ಬರುವ ಸ್ಥಿತಿ ಅಂದಿತು: ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, ಕೈಲಾಗುತ್ತಿಲ್ಲ ಅನ್ನುವ ಭಾವ. ಕೆಲಸದ್ದಷ್ಟೇ ಆದರೆ ಸರಿ. ಊಟ ರುಚಿಸುತ್ತಾ? ತಂಗಿ ಜೊತೆ ಮೊದಲಿನ ಹಾಗೆ ಜಗಳ ಆಡ್ತೀಯಾ? ಅದೂ ಬೇಡ ಅನ್ನಿಸಿದರೆ ಆಫೀಸಿನ ಮಾತಲ್ಲ ತಾಯಿ, ಡಾಕ್ಟರ ಹತ್ತಿರ ಹೋಗು. ನಾಚಿಕೊಳ್ಳಬೇಡ.

ತೋಟದ ಬಾವಿ ಮೋಟರ್ ನೆನಪಿದೆಯಾ? ವೋಲ್ಟೇಜ್ ಇಳಿದರೂ ಅದು ಸುಮ್ನೆ ನಿಲ್ಲುವುದಿಲ್ಲ. ಅಷ್ಟೇ ನೀರು ಎತ್ತಲು ಜಾಸ್ತಿ ಕರೆಂಟ್ ಎಳೆಯುತ್ತದೆ, ಕಾಯಿಲ್ ಕಾಯುತ್ತದೆ. ವಾರ್ನಿಶ್ ಸುಟ್ಟ ವಾಸನೆ ಬಂದಾಗಲೇ ನಮಗೆ ಗೊತ್ತಾಗುತ್ತಿದ್ದುದು. ನೀನೂ ಯಾವತ್ತೂ ‘ಆಗಲ್ಲ’ ಅಂದವಳಲ್ಲ. ಅದೇ ನನ್ನ ಭಯ.

ನಾನೂ ಹಾಗೇ ಇದ್ದೆ. ರಾತ್ರಿ ಕರೆಂಟಿಗೆ ಕಾದು ಮೋಟರ್ ಹಾಕುವುದು, ಬೆಳಗ್ಗೆ ಶಾಲೆ. ನಿಮ್ಮಣ್ಣ ಚಿಕ್ಕವನಿದ್ದಾಗ ಏನು ಆಡುತ್ತಿದ್ದ ಅಂತ ಇವತ್ತು ಯಾರಾದರೂ ಕೇಳಿದರೆ, ಉತ್ತರಕ್ಕೆ ನಾನು ನಿಮ್ಮ ದೊಡ್ಡಮ್ಮನ ಮುಖ ನೋಡಬೇಕು. ಆಗ ಇದಕ್ಕೆ ನಮ್ಮಲ್ಲಿ ಯಾರೂ ಹೆಸರಿಟ್ಟಿರಲಿಲ್ಲ. ಇಟ್ಟಿದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ.

ಕೆಲಸ ಬಿಡು ಅನ್ನಲು ನಾನ್ಯಾರು? ಇಎಂಐ ಕಟ್ಟುವವಳು ನೀನು. ರಜೆ ಉಳಿದಿದ್ದರೆ ತಗೋ. ರಾತ್ರಿ ಲ್ಯಾಪ್‌ಟಾಪ್ ಮುಚ್ಚು, ಆಗುವುದಾದರೆ. ನಿಮ್ಮ ಕಡೆ ಅದು ನಡೆಯುತ್ತೋ ಇಲ್ಲವೋ ನನಗೆ ತಿಳಿಯದು. ಮ್ಯಾನೇಜರಿಗೆ ಒಮ್ಮೆ ಬಾಯಿಬಿಟ್ಟು ಹೇಳಿ ನೋಡು.

ಇದಕ್ಕೆ ಉತ್ತರ ಬರೆಯುತ್ತಾ ಕೂರಬೇಡ. ಕೆಲಸದ ಸುಸ್ತೋ, ಎಲ್ಲದರ ಸುಸ್ತೋ, ಅಷ್ಟು ಮಾತ್ರ ಫೋನಿನಲ್ಲಿ ಹೇಳು. ಎಷ್ಟು ಹೊತ್ತಾದರೂ ಸರಿ, ನಾನು ಎದ್ದೇ ಇರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ