ಬಾಟಲಿ ಆನೆಗಿಂತ ಮೊದಲು ಒಂದು ಶೆಡ್ ಕೊಡಿ

ಮಾನ್ಯ ನಗರಸಭೆ ಅಧ್ಯಕ್ಷರೇ, ನಮಸ್ಕಾರ.

ಜೂನ್ 5ರ ವಿಶ್ವ ಪರಿಸರ ದಿನ ಹತ್ತಿರ ಬಂದರೆ ಪ್ಲಾಸ್ಟಿಕ್ ಬಾಟಲಿಗಳಿಂದ ಆನೆಯನ್ನೋ ಮೀನನ್ನೋ ಮಾಡಿಸಿ ನಿಲ್ಲಿಸುವುದು ಎಲ್ಲ ಕಡೆ ರೂಢಿಯಾಗಿದೆ. ಅದು ಬೇಡ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಒರೆಗಾನ್‌ನಲ್ಲಿ ಆಂಜೆಲಾ ಹೇಸೆಲ್ಟೈನ್ ಪೋಜಿ ಎಂಬ ಕಲಾವಿದೆ ಕಡಲು ದಡಕ್ಕೆ ತಂದು ಹಾಕಿದ ಪ್ಲಾಸ್ಟಿಕ್ಕಿನಿಂದಲೇ ದೊಡ್ಡ ದೊಡ್ಡ ಕಡಲಜೀವಿಗಳನ್ನು ಮಾಡಿಸಿದ್ದಾರೆ. ಅಂಥ ಕಲೆ ನಮ್ಮದೇ ಕಸವನ್ನು ನಮಗೆ ತೋರಿಸುತ್ತದೆ. ಆದರೆ ಸಮಾರಂಭಕ್ಕೆಂದೇ ಹೊಸ ಬಾಟಲಿ ತರಿಸಿ ಮಾಡಿದ ಆನೆ ಕಾರ್ಯಕ್ರಮ ಮುಗಿದ ಮೇಲೆ ತಾನೇ ಕಸವಾಗುತ್ತದೆ, ಅಲ್ವಾ?

ಕಸದ ಪ್ಲಾಸ್ಟಿಕ್ಕಿನಿಂದ ಬೆಂಚು, ಕುಂಡ ಮಾಡುವ ನಮಗೆ ಬೇಕಿರುವುದು ಬೇರೆ. ಸರಿಯಾಗಿ ವಿಂಗಡಿಸಿದ, ತೊಳೆದ ಪ್ಲಾಸ್ಟಿಕ್ ಬೇಕು. ಅದನ್ನು ಕರಗಿಸಿ ವಸ್ತು ಮಾಡಲು ಗಾಳಿಯಾಡುವ ಒಂದು ಶೆಡ್ ಬೇಕು.

ಒಂದು ನೀರಿನ ಬಾಟಲಿಯನ್ನೇ ತೆಗೆದುಕೊಳ್ಳಿ. ಬಾಟಲಿ ಪಿಇಟಿ ಎಂಬ ಬಗೆಯ ಪ್ಲಾಸ್ಟಿಕ್, ಮುಚ್ಚಳ ಎಚ್‌ಡಿಪಿಇ ಇಲ್ಲವೇ ಪಿಪಿ ಎಂಬ ಬೇರೆ ಬಗೆ. ಮುಚ್ಚಳ ಸುಮಾರು 130ರಿಂದ 165 ಡಿಗ್ರಿ ಸೆಲ್ಸಿಯಸ್ ಒಳಗೆ ಕರಗುತ್ತದೆ. ಬಾಟಲಿಗೆ 250 ಡಿಗ್ರಿ ದಾಟಬೇಕು. ಎರಡನ್ನೂ ಬೆರೆಸಿ ಹಲಗೆ ಮಾಡಿದರೆ ಅದಕ್ಕೆ ಗಟ್ಟಿತನ ಬರುವುದಿಲ್ಲ. ಚೂರು ಮಾಡಿ ಬಕೆಟ್ ನೀರಿಗೆ ಸುರಿದರೆ ಮುಚ್ಚಳದ ಚೂರು ತೇಲುತ್ತದೆ, ಬಾಟಲಿಯದು ತಳಕ್ಕೆ ಹೋಗುತ್ತದೆ. ಪೈಪುಗಳಿಗೆ ಬಳಸುವ ಪಿವಿಸಿ ಪ್ಲಾಸ್ಟಿಕ್ಕೂ ಮುಳುಗುತ್ತದೆ. ಅದು ಅಪ್ಪಿತಪ್ಪಿ ಬಿಸಿಗೆ ಸಿಕ್ಕರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಕೆಲಸ ಮಾಡುವವರ ಶ್ವಾಸಕೋಶದ ಪ್ರಶ್ನೆ ಇದು. ಹಾಗಾಗಿ ಶೆಡ್ಡಿಗೆ ಎಕ್ಸಾಸ್ಟ್ ಫ್ಯಾನ್ ಇರಲೇಬೇಕು.

ಯಾವ ಪ್ಲಾಸ್ಟಿಕ್ ಯಾವುದು ಅಂತ ಹಿಸುಕಿ, ಸದ್ದು ಕೇಳಿಯೇ ಹೇಳಬಲ್ಲವರು ಕಸ ಆಯುವವರು. ಅವರ ಆ ತಿಳಿವಳಿಕೆಗೆ ಕೂಲಿ ಸಿಗಬೇಕು. ಈ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ.

ಯಂತ್ರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೆದರ್ಲೆಂಡ್ಸ್‌ನ ಡೇವ್ ಹಾಕೆನ್ಸ್ 2013ರಲ್ಲಿ ಶುರು ಮಾಡಿದ ಪ್ರೆಷಸ್ ಪ್ಲಾಸ್ಟಿಕ್ ಯೋಜನೆ ಚೂರು ಮಾಡುವ, ಒತ್ತುವ ಯಂತ್ರಗಳ ನಕ್ಷೆಗಳನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿದೆ. ವೆಲ್ಡಿಂಗ್ ಬಲ್ಲವರು ಅವನ್ನು ನೋಡಿ ಕಟ್ಟಬಹುದು.

ಇನ್ನು ಖರೀದಿ. ಉದ್ಯಾನದ ಬೆಂಚು, ಗಿಡದ ಕುಂಡ, ನಾಮಫಲಕ ಇವನ್ನೆಲ್ಲ ನೀವು ಹೇಗೂ ಟೆಂಡರ್ ಕರೆದು ಕೊಳ್ಳುತ್ತೀರಿ. ಅದರಲ್ಲೊಂದು ಪಾಲು ಈ ಶೆಡ್ಡಿನಿಂದ ಬರಲಿ. ಪ್ರತಿ ವಸ್ತುವಿನ ಮೇಲೂ ಅದು ಯಾವ ಬಗೆಯ ಪ್ಲಾಸ್ಟಿಕ್ ಅಂತ ಅಚ್ಚು ಹಾಕುತ್ತೇವೆ. ಮುರಿದರೆ ಮತ್ತೆ ಪುಡಿ ಮಾಡಬಹುದು. ಊಟದ ತಟ್ಟೆ, ಲೋಟ ಮಾತ್ರ ಮಾಡುವುದಿಲ್ಲ. ಕಸದಲ್ಲಿ ಬಂದ ಪ್ಲಾಸ್ಟಿಕ್ಕಿಗೆ ಮೊದಲು ಏನೇನು ತಾಗಿತ್ತೋ ಯಾರಿಗೆ ಗೊತ್ತು?

ನಮ್ಮ ಕೈಲಾಗದ್ದೂ ಇದೆ. ಪದರ ಪದರವಾಗಿ ಅಂಟಿಸಿದ ಸ್ಯಾಶೆಗಳಿಂದ ನಾವು ಒಳ್ಳೆಯ ಹಲಗೆ ತೆಗೆಯಲಾರೆವು. 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆಗೆ ಹೋದದ್ದು ಶೇ 9ರಷ್ಟು ಮಾತ್ರ ಅಂತ 2017ರ ಒಂದು ಅಧ್ಯಯನ ಹೇಳಿತ್ತು. ನಮ್ಮ ಬೆಂಚುಗಳಿಂದ ಆ ಲೆಕ್ಕ ಬದಲಾಗುವುದಿಲ್ಲ. ತಯಾರಕರ ಮೇಲೆ ಒತ್ತಡ ಹಾಕುವ ಕೆಲಸ ನಿಮ್ಮಂಥ ಜನಪ್ರತಿನಿಧಿಗಳದ್ದೇ.

ಮುಂದಿನ ಸಾಮಾನ್ಯ ಸಭೆಯಲ್ಲಿ ಶೆಡ್ಡಿನ ವಿಷಯ ಚರ್ಚೆಗೆ ತನ್ನಿ. ಮಾದರಿ ಬೆಂಚು ಹೊತ್ತುಕೊಂಡು ನಾವೇ ಬರುತ್ತೇವೆ. ಸದಸ್ಯರೆಲ್ಲ ಕೂತು ನೋಡಿ ತೀರ್ಮಾನ ಮಾಡಲಿ.

ಇಂತಿ,
ಪ್ಲಾಸ್ಟಿಕ್ ಕರಗಿಸಿ ವಸ್ತು ಮಾಡುವವರಲ್ಲಿ ಒಬ್ಬ